ಕಾಲೇಜು ಮುಗಿಯುವ ಹೊತ್ತಿಗೆ...

ನಿಮ್ಮ ಮನೆಯಲ್ಲಿ ಪದವಿಯ ಕೊನೆಯ ಸೆಮಿಸ್ಟರಿನಲ್ಲಿರುವ ಮಗಳಿದ್ದಾಳೆಯೇ? ಹಾಗಿದ್ದರೆ ಈ ದಿನಗಳಲ್ಲಿ ಅವಳನ್ನು ಸ್ವಲ್ಪ ಗಮನಿಸಿ ನೋಡಿ. ಮೊದಲ ವರ್ಷ ಮೂರು ಸಲ ಕೂಗಿದರೂ ಏಳದಿದ್ದವಳು ಈಗ ಕೂಗುವ ಮೊದಲೇ ಎದ್ದು ತಯಾರಾಗುತ್ತಾಳೆ. "ಇವತ್ತು ಮಳೆ, ರಜೆ ಹಾಕು" ಎಂದರೆ, "ಬೇಡಮ್ಮಾ, ಇನ್ನು ಎಷ್ಟು ದಿನ ಇದೆ?" ಎನ್ನುತ್ತಾಳೆ. ರಾತ್ರಿ ಪುಸ್ತಕ ಬಿಡಿಸಿಕೊಂಡು ಕೂತವಳು ಮೊಬೈಲಿನಲ್ಲಿ ಹಳೆಯ ಫೋಟೋಗಳನ್ನು ನೋಡುತ್ತಾ ಮೌನವಾಗುತ್ತಾಳೆ. ಏನಾಯಿತು ಎಂದು ಕೇಳಿದರೆ, "ಏನಿಲ್ಲ" ಎಂಬ ಉತ್ತರ.

ಏನೂ ಇಲ್ಲದೆ ಇಲ್ಲ. ಕಾಲೇಜು ಮುಗಿಯುತ್ತಿದೆ. ಮೂರು ವರ್ಷ ಬೈದುಕೊಂಡೇ ಹೋಗಿಬಂದ ಆ ಕಟ್ಟಡ, ಆ ಕಿಟಕಿ ಪಕ್ಕದ ಬೆಂಚು, ಹಾಜರಿ ಹೇಳುವಾಗ ಹೆಸರನ್ನು ತಪ್ಪಾಗಿ ಉಚ್ಚರಿಸುತ್ತಿದ್ದ ಆ ಉಪನ್ಯಾಸಕರು, ಎಲ್ಲವೂ ಒಮ್ಮೆಲೇ ಪ್ರಿಯವಾಗತೊಡಗುತ್ತವೆ. ಇದನ್ನು ನಾವು ಹಳಹಳಿಕೆ ಎನ್ನುತ್ತೇವೆ. "ಹುಡುಗಾಟ, ಎರಡು ವಾರದಲ್ಲಿ ಸರಿಹೋಗುತ್ತದೆ" ಎಂದು ನಕ್ಕು ಬಿಡುವವರೇ ಹೆಚ್ಚು. ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಂತಹ ಕಾಡಂಚಿನ ತಾಲೂಕುಗಳಲ್ಲಿ ಈ ಹಳಹಳಿಕೆಯ ಒಳಗೆ ಇನ್ನೊಂದು ಮಾತು ಅಡಗಿರುತ್ತದೆ. ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಮನೆ ಮಂದಿಗೆ ಬೇಕು.

ಒಂದು ಬೆಂಚಿನ ಮೇಲೆ ಹಲವು ಊರು

ಉತ್ತರ ಕನ್ನಡದ ಈ ಭಾಗದಲ್ಲಿ ಊರುಗಳು ದೂರ ದೂರ. ನಡುವೆ ಕಾಡು. ಕಾಳಿ ನದಿಯ ದಂಡೆಯ ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ದೇಶದ ನಾನಾ ಕಡೆಯ ಜನರನ್ನು ಕರೆತಂದಿತು. ಜೋಯಿಡಾದ ಕಾಡಿನೊಳಗೆ ಕೊಂಕಣಿ ಮಾತನಾಡುವ ಕುಣಬಿಗಳ ಮನೆಗಳು. ಹಳಿಯಾಳದ ಸುತ್ತಮುತ್ತ ಮರಾಠಿ ಮಾತನಾಡುವ ರೈತರು, ಗೌಳಿಗರು ಮತ್ತು ಸಿದ್ದಿಗಳು. ಸಿದ್ದಿಗಳ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಅವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ನಿರಾಶ್ರಿತರ ವಸಾಹತು ಇದೆ. ಇನ್ನು ನಮ್ಮ ಮನೆಗಳಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ.

ಇಷ್ಟೆಲ್ಲ ಜನ ಒಂದೇ ಬೆಂಚಿನ ಮೇಲೆ ಕೂರುವ ಜಾಗ ಯಾವುದು? ಸಂತೆಯಲ್ಲಿ ಒಬ್ಬರನ್ನೊಬ್ಬರು ನೋಡುತ್ತಾರೆ, ಆದರೆ ಕೂರುವುದಿಲ್ಲ. ಬಸ್ಸಿನಲ್ಲಿ ಕೂರುತ್ತಾರೆ, ಆದರೆ ಇಳಿದು ಹೋಗುತ್ತಾರೆ. ಮೂರು ವರ್ಷ ಜೊತೆಗೆ ಕೂತು, ಒಂದೇ ಡಬ್ಬಿಯ ಚಟ್ನಿ ಹಂಚಿಕೊಂಡು, ಒಬ್ಬರ ನೋಟ್ಸನ್ನು ಇನ್ನೊಬ್ಬರು ಬರೆದುಕೊಳ್ಳುವುದು ಕಾಲೇಜಿನಲ್ಲಿ ಮಾತ್ರ. ದಾಂಡೇಲಿಯ ಬಂಗೂರನಗರ ಕಾಲೇಜಿರಲಿ, ತಾಲೂಕು ಕೇಂದ್ರಗಳ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿರಲಿ, 2004ರಲ್ಲಿ ಆರಂಭವಾದ ಹಳಿಯಾಳದ ಎಂಜಿನಿಯರಿಂಗ್ ಕಾಲೇಜಿರಲಿ, ಅವು ಕೇವಲ ಪದವಿ ಕೊಡುವ ಕಟ್ಟಡಗಳಲ್ಲ. ಕಾಡಿನ ಈ ಕಡೆಯ ಹುಡುಗಿ ಆ ಕಡೆಯ ಹುಡುಗಿಯನ್ನು ಹೆಸರು ಹಿಡಿದು ಕರೆಯಲು ಕಲಿತ ತಾಣಗಳು.

ಹಾಗಾಗಿ ಕೊನೆಯ ದಿನ ಅವರು ಅಳುವುದು ಬರೀ ಗೆಳತಿಗಾಗಿ ಅಲ್ಲ. ನಾಳೆಯಿಂದ ಒಬ್ಬೊಬ್ಬಳೂ ತನ್ನ ಓಣಿಗೆ, ತನ್ನ ಭಾಷೆಗೆ, ತನ್ನ ಮನೆಯ ನಾಲ್ಕು ಗೋಡೆಗೆ ಮರಳುತ್ತಾಳೆ ಎಂಬುದು ಅವರಿಗೆ ಗೊತ್ತಿದೆ.

ಆ ಪದ ಹುಟ್ಟಿದ್ದೂ ಕಾಲೇಜಿನಲ್ಲೇ

ಇಂಗ್ಲಿಷಿನ ನಾಸ್ಟಾಲ್ಜಿಯಾ ಎಂಬ ಪದವನ್ನು ನೀವು ಕೇಳಿರಬಹುದು. ಹಳೆಯದನ್ನು ನೆನೆದು ಹಂಬಲಿಸುವ ಭಾವಕ್ಕೆ ಆ ಹೆಸರು. ಆ ಪದವನ್ನು ಹುಟ್ಟುಹಾಕಿದವನು ಕವಿಯಲ್ಲ. ಅವನೊಬ್ಬ ವಿದ್ಯಾರ್ಥಿ! 1688ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯ ಓದುತ್ತಿದ್ದ ಯೊಹಾನೆಸ್ ಹೋಫರ್ ತನ್ನ ಪ್ರಬಂಧದಲ್ಲಿ ಅದನ್ನು ಮೊದಲು ಬಳಸಿದ. ಗ್ರೀಕ್ ಭಾಷೆಯ ಎರಡು ಪದಗಳನ್ನು ಸೇರಿಸಿದ. ಒಂದರ ಅರ್ಥ ಮನೆಗೆ ಮರಳುವುದು, ಇನ್ನೊಂದರ ಅರ್ಥ ನೋವು. ಮನೆಯಿಂದ ದೂರವಿದ್ದವರು ಊರನ್ನು ನೆನೆದು ಸೊರಗುವುದನ್ನು ಅವನು ಒಂದು ಕಾಯಿಲೆ ಎಂದೇ ಭಾವಿಸಿದ್ದ. ಆಮೇಲೆ ಬಹುಕಾಲ ವೈದ್ಯರೂ ಹಾಗೆಯೇ ನಂಬಿದರು.

ಈಗ ಆ ಅಭಿಪ್ರಾಯ ಬದಲಾಗಿದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರು ಈ ಶತಮಾನದ ಆರಂಭದಿಂದ ಇದರ ಬಗ್ಗೆ ಹಲವು ಪ್ರಯೋಗಗಳನ್ನು ನಡೆಸಿದ್ದಾರೆ. ಹಳೆಯದನ್ನು ಪ್ರೀತಿಯಿಂದ ನೆನೆಯುವವನು ಸಾಮಾನ್ಯವಾಗಿ ಕುಗ್ಗುವುದಿಲ್ಲ, ಬದಲಾಗಿ ನನ್ನವರು ಎಂಬವರು ನನಗಿದ್ದಾರೆ ಎಂಬ ಧೈರ್ಯ ಪಡೆಯುತ್ತಾನೆ ಎಂಬುದು ಆ ಪ್ರಯೋಗಗಳಿಂದ ತಿಳಿದುಬಂದ ವಿಷಯ. ಒಂಟಿತನ ಕಾಡುವಾಗಲೇ ಈ ನೆನಪು ಹೆಚ್ಚಾಗಿ ಬರುತ್ತದೆ, ಬಂದು ಆಸರೆಯಾಗುತ್ತದೆ.

ಆದ್ದರಿಂದ ಹೆತ್ತವರೇ, ಮಗಳು ಫೋಟೋ ನೋಡಿ ಕಣ್ಣೊರೆಸಿಕೊಂಡರೆ ಗದರಬೇಡಿ. ಅದು ರೋಗವಲ್ಲ. ಆದರೆ ಒಂದು ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಿ. ಅವಳು ನೆನೆಯುತ್ತಿರುವುದು ಹಿಂದಿನದ್ದನ್ನೋ, ಹೆದರುತ್ತಿರುವುದು ಮುಂದಿನದ್ದಕ್ಕೋ?

ಬಸ್ಸು ನಿಂತಿಲ್ಲ, ಆದರೆ...

ಒಂದು ಸರಳ ಉದಾಹರಣೆ ನೋಡಿ. 2023ರ ಜೂನಿನಲ್ಲಿ ರಾಜ್ಯದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂತು. ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೆಟಿನ ಹಣ ಬೇಕಿಲ್ಲ. ಜೋಯಿಡಾದಿಂದ ದಾಂಡೇಲಿಗೆ, ದಾಂಡೇಲಿಯಿಂದ ಹಳಿಯಾಳಕ್ಕೆ, ಹಳಿಯಾಳದಿಂದ ಧಾರವಾಡಕ್ಕೆ, ಮುಂಡಗೋಡದಿಂದ ಹುಬ್ಬಳ್ಳಿಗೆ ಹೆಣ್ಣುಮಗಳೊಬ್ಬಳು ಕಾಸು ಕೊಡದೆ ಹೋಗಿಬರಬಹುದು. ಹಿಂದೆ "ಪಾಸಿಗೆ ದುಡ್ಡೆಲ್ಲಿ?" ಎಂಬ ಒಂದು ಮಾತಿನಿಂದ ಅದೆಷ್ಟೋ ಹುಡುಗಿಯರ ಓದು ನಿಂತಿತ್ತು. ಈಗ ಆ ಮಾತು ಹೇಳುವಂತಿಲ್ಲ.

ಕಾಲೇಜು ಮುಗಿದ ಮರುದಿನವೂ ಅದೇ ಬಸ್ಸು ಅದೇ ಹೊತ್ತಿಗೆ ಬರುತ್ತದೆ. ಅದೇ ಕಂಡಕ್ಟರ್ ಅದೇ ತಿರುವಿನಲ್ಲಿ ಸೀಟಿ ಊದುತ್ತಾನೆ. ಬಸ್ಸಿಗೆ ದುಡ್ಡೂ ಬೇಕಿಲ್ಲ. ಆದರೆ ಹತ್ತುವುದಕ್ಕೆ ಕಾರಣ ಬೇಕಲ್ಲ? ನಮ್ಮ ಅನೇಕ ಮನೆಗಳಲ್ಲಿ ಹೆಣ್ಣುಮಗಳು ಹೊಸ್ತಿಲು ದಾಟಲು ಎಲ್ಲರೂ ಪ್ರಶ್ನೆಯಿಲ್ಲದೆ ಒಪ್ಪುವ ಕಾರಣ ಒಂದೇ ಒಂದು: "ಕಾಲೇಜಿಗೆ ಹೋಗುತ್ತಿದ್ದೇನೆ." ಪದವಿ ಮುಗಿದ ದಿನ ಆ ಒಂದು ವಾಕ್ಯ ಅವಳ ಕೈತಪ್ಪುತ್ತದೆ. ಬೀಳ್ಕೊಡುಗೆಯ ದಿನ ನಗುನಗುತ್ತಾ ಫೋಟೋ ತೆಗೆಸಿಕೊಳ್ಳುವ ಹುಡುಗಿ ಮನೆಗೆ ಬಂದು ಮೌನವಾಗುವುದು ಈ ಕಾರಣಕ್ಕೆ. ಅವಳು ಅಳುವುದು ಕಳೆದುಹೋದ ಮೂರು ವರ್ಷಕ್ಕಲ್ಲ. ಇನ್ನು ಮುಂದೆ "ಎಲ್ಲಿಗೆ?" ಎಂದು ಯಾರಾದರೂ ಕೇಳಿದರೆ ಹೇಳಲು ತನ್ನ ಬಳಿ ಉತ್ತರವಿಲ್ಲ ಎಂಬುದಕ್ಕೆ.

ಗಂಡು ಮಕ್ಕಳ ಸಂಕಟ ಬೇರೆ ತರಹದ್ದು. ಅವನನ್ನು ಯಾರೂ ಮನೆಯಲ್ಲಿ ಕೂರಿಸುವುದಿಲ್ಲ, ಮನೆಯಲ್ಲಿ ಇರಲೂ ಬಿಡುವುದಿಲ್ಲ. ಫಲಿತಾಂಶ ಬರುವ ಮೊದಲೇ "ಮುಂದೇನು?" ಎಂಬ ಪ್ರಶ್ನೆ ಬಂಧುಗಳಿಂದ ಶುರುವಾಗುತ್ತದೆ. ಕಾಗದ ಕಾರ್ಖಾನೆಯಲ್ಲಿ ಎಲ್ಲರಿಗೂ ಕೆಲಸ ಸಿಗದು. ಕಾಳಿ ನದಿಯ ರಾಫ್ಟಿಂಗ್, ಹೋಂಸ್ಟೇ, ಜೀಪು ಎಂದು ಕೆಲವರಿಗೆ ದಾರಿಯಾಗಿದೆ. ಉಳಿದವರು ಹುಬ್ಬಳ್ಳಿ, ಗೋವಾ, ಬೆಂಗಳೂರು, ಕೊಲ್ಲಿ ಎಂದು ಚದುರುತ್ತಾರೆ. ಅವನೂ ಕೊನೆಯ ದಿನ ಕ್ಯಾಂಟೀನಿನಲ್ಲಿ ಎರಡನೇ ಚಹಾ ತರಿಸಿಕೊಂಡು ಏಳಲೊಲ್ಲದೆ ಕೂರುತ್ತಾನೆ. ಅಳುವುದು ಅವನಿಗೆ ನಿಷಿದ್ಧ, ಆದ್ದರಿಂದ ಜೋರಾಗಿ ನಗುತ್ತಾನೆ. ಆ ನಗುವನ್ನೂ ಹೆತ್ತವರು ಓದಬೇಕು.

ಮುಂಡಗೋಡದಲ್ಲಿ ಒಂದು ಪದವಿ ಪ್ರದಾನ

ಹೆಣ್ಣುಮಗಳಿಗೆ ಇಷ್ಟು ಓದು ಸಾಕು ಎಂದು ಹೇಳುವ ಮೊದಲು ನಮ್ಮ ಪಕ್ಕದಲ್ಲೇ ನಡೆದ ಒಂದು ಘಟನೆಯನ್ನು ನೆನೆಯೋಣ. ಮುಂಡಗೋಡದ ಟಿಬೆಟನ್ ವಸಾಹತಿನಲ್ಲಿ ಡ್ರೆಪುಂಗ್ ಮತ್ತು ಗಾಂದೆನ್ ಎಂಬ ಎರಡು ದೊಡ್ಡ ವಿದ್ಯಾಮಠಗಳಿವೆ. ಟಿಬೆಟಿನಲ್ಲಿದ್ದ ಹಳೆಯ ಮಠಗಳನ್ನು ನಿರಾಶ್ರಿತರಾಗಿ ಬಂದವರು ಇಲ್ಲಿ ಮತ್ತೆ ಕಟ್ಟಿದರು. ಅಲ್ಲಿನ ಉನ್ನತ ಪದವಿಗೆ ಗೆಶೆ ಎಂದು ಹೆಸರು. ಅದು ಮೂರು ವರ್ಷದ ಓದಲ್ಲ. ಹದಿನೈದು, ಇಪ್ಪತ್ತು ವರ್ಷ ಹಿಡಿಯುತ್ತದೆ. ಅಂಗಳದಲ್ಲಿ ನಿಂತು, ಕೈ ತಟ್ಟಿ, ಎದುರಿಗೆ ಕೂತವನಿಗೆ ಪ್ರಶ್ನೆ ಹಾಕಿ ವಾದ ಮಾಡುತ್ತಾ ಕಲಿಯುವುದು ಅವರ ಕ್ರಮ.

ಶತಮಾನಗಳ ಕಾಲ ಈ ಪದವಿ ಗಂಡಸರಿಗೆ ಮೀಸಲಾಗಿತ್ತು. 2016ರ ಡಿಸೆಂಬರಿನಲ್ಲಿ ಮುಂಡಗೋಡದ ಡ್ರೆಪುಂಗ್ ಮಠದಲ್ಲಿ ದಲೈ ಲಾಮಾ ಅವರ ಕೈಯಿಂದ 20 ಮಂದಿ ಭಿಕ್ಷುಣಿಯರು ಅದೇ ಮಟ್ಟದ ಗೆಶೆಮಾ ಪದವಿಯನ್ನು ಸ್ವೀಕರಿಸಿದರು. ಅವರ ಧರ್ಮ ಬೇರೆ, ನಮ್ಮದು ಬೇರೆ. ಆದರೆ ಊರು ಕಳೆದುಕೊಂಡು ಬಂದ ಜನರು, ಹೊಟ್ಟೆಗೆ ಬಟ್ಟೆಗೆ ಕಷ್ಟಪಟ್ಟವರು, ತಮ್ಮ ಹೆಣ್ಣುಮಕ್ಕಳಿಗೆ ಅಷ್ಟು ವರ್ಷ ಓದಲು ಬಿಟ್ಟರು ಎಂಬುದು ಯೋಚಿಸುವ ಸಂಗತಿಯಲ್ಲವೇ? ಸ್ವಂತ ಮನೆ, ಸ್ವಂತ ಊರು ಇರುವ ನಾವು ಮೂರು ವರ್ಷಕ್ಕೇ "ಸಾಕು" ಎನ್ನುವುದು ಎಷ್ಟು ಸರಿ?

ಇಲ್ಲಿ ಮದುವೆ ಬೇಡ ಎಂದು ಹೇಳುತ್ತಿಲ್ಲ. ಆದರೆ ಓದು ಮತ್ತು ಮದುವೆಯನ್ನು ಒಂದರ ಎದುರು ಇನ್ನೊಂದನ್ನು ನಿಲ್ಲಿಸಿದವರು ನಾವೇ. ಸಂಬಂಧ ಕೇಳಿಬಂದಾಗ ಚಿನ್ನದ ಬಗ್ಗೆ, ಊಟದ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತೇವೆ. "ಹುಡುಗಿ ಮುಂದೆ ಓದಬೇಕೆಂದಿದ್ದಾಳೆ, ನಿಮ್ಮ ಮನೆಯಲ್ಲಿ ಅದಕ್ಕೆ ಅವಕಾಶ ಇದೆಯೇ?" ಎಂದು ಒಂದು ನಿಮಿಷ ಕೇಳಲು ಯಾಕೆ ಹಿಂಜರಿಕೆ?

ಕೊನೆಯ ದಿನಗಳಲ್ಲಿ ನೀವು ಮಾಡಬೇಕಾದ್ದು

ಪ್ರಿಯ ವಿದ್ಯಾರ್ಥಿ, ವಿದ್ಯಾರ್ಥಿನಿಯರೇ, ಈಗ ನಿಮ್ಮೊಂದಿಗೆ ನಾಲ್ಕು ಮಾತು.

ಮೊದಲನೆಯದು, ಮಾಫಿ. ಹಜ್ಜಿಗೆ ಹೊರಟವರು, ದೂರದ ಪಯಣಕ್ಕೆ ಹೊರಟವರು ಬಂಧು ಬಳಗದ ಮುಂದೆ ನಿಂತು "ಕಹಾ ಸುನಾ ಮಾಫ್ ಕರೋ" ಎನ್ನುವುದನ್ನು ನಿಮ್ಮ ಮನೆಯಲ್ಲಿ ಕೇಳಿರುತ್ತೀರಿ. ಆಡಿದ್ದು, ಕೇಳಿದ್ದು ಎಲ್ಲವನ್ನೂ ಕ್ಷಮಿಸಿಬಿಡಿ ಎಂದು ಅದರ ಅರ್ಥ. ಕಾಲೇಜು ಬಿಡುವಾಗಲೂ ಅದನ್ನು ಹೇಳಿ. ಎರಡನೇ ಸೆಮಿಸ್ಟರಿನಲ್ಲಿ ಮಾತು ಬಿಟ್ಟ ಗೆಳತಿ ಇದ್ದಾಳಲ್ಲ, ಅವಳ ಬಳಿ ಹೋಗಿ. ನಕಲು ಉಚ್ಚಾರ ಮಾಡಿ ಗೇಲಿ ಮಾಡಿದ ಸಹಪಾಠಿ ಇದ್ದಾನಲ್ಲ, ಅವನ ಹೆಗಲ ಮೇಲೆ ಕೈ ಇಡಿ. ಹತ್ತು ವರ್ಷದ ನಂತರ ಫೋಟೋ ನೋಡುವಾಗ ಚುಚ್ಚುವುದು ಬೇರ್ಪಟ್ಟ ಗೆಳೆಯನ ಮುಖವಲ್ಲ, ಮಾಫಿ ಕೇಳದೆ ಉಳಿದವನ ಮುಖ.

ಎರಡನೆಯದು, ಕೃತಜ್ಞತೆ. ಉಪನ್ಯಾಸಕರಿಗೆ ಎಲ್ಲರೂ ಹೂಗುಚ್ಛ ಕೊಡುತ್ತಾರೆ. ಬೆಳಗ್ಗೆ ಬಾಗಿಲು ತೆರೆದ ಜವಾನ, ಗ್ರಂಥಾಲಯದಲ್ಲಿ ಪುಸ್ತಕ ತೆಗೆದಿಟ್ಟವರು, ಮಳೆಗಾಲದಲ್ಲಿ ನಿಮಗಾಗಿ ಎರಡು ನಿಮಿಷ ಬಸ್ಸು ನಿಲ್ಲಿಸಿದ ಚಾಲಕ, ಇವರನ್ನು ಮರೆಯಬೇಡಿ. ಪುಸ್ತಕಗಳನ್ನು, ನೋಟ್ಸನ್ನು ರದ್ದಿಗೆ ಹಾಕಬೇಡಿ. ಮೊದಲ ವರ್ಷಕ್ಕೆ ಬರುವ ಯಾವುದಾದರೂ ಹಾಡಿಯ, ವಾಡೆಯ ಮಗುವಿಗೆ ಕೊಡಿ.

ಮೂರನೆಯದು, ದಾಖಲೆ. ಇದು ಭಾವನೆಯ ಮಾತಲ್ಲ, ಆದರೆ ಬಹಳ ಮುಖ್ಯ. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕಪಟ್ಟಿ ಮತ್ತು ಆಧಾರ್ ಕಾರ್ಡನ್ನು ಪಕ್ಕ ಪಕ್ಕ ಇಟ್ಟು ನೋಡಿ. ಒಂದರಲ್ಲಿ 'ಬೇಗಂ' ಇದ್ದು ಇನ್ನೊಂದರಲ್ಲಿ ಇಲ್ಲವೇ? ಒಂದರಲ್ಲಿ ಬಾನು, ಇನ್ನೊಂದರಲ್ಲಿ ಬಿ? ತಂದೆಯ ಹೆಸರಿಗೆ 'ಸಾಬ್' ಸೇರಿದೆಯೇ, ಬಿಟ್ಟಿದೆಯೇ? ನಮ್ಮ ಹೆಸರುಗಳಲ್ಲಿ ಈ ಗೊಂದಲ ಹೆಚ್ಚು. ಕೆಲಸಕ್ಕೋ, ಪಾಸ್‌ಪೋರ್ಟಿಗೋ ಅರ್ಜಿ ಹಾಕುವಾಗ ಒಂದು ಅಕ್ಷರ ತಿಂಗಳುಗಟ್ಟಲೆ ಅಲೆಸುತ್ತದೆ. ಕಾಲೇಜಿನ ಕಚೇರಿ ನಿಮ್ಮನ್ನು ಮುಖ ನೋಡಿ ಗುರುತಿಸುವ ಈ ದಿನಗಳಲ್ಲೇ ವಿಚಾರಿಸಿ ಸರಿಪಡಿಸಿಕೊಳ್ಳಿ. ವರ್ಗಾವಣೆ ಪತ್ರ ಪಡೆಯಿರಿ. ಬೇರೆ ವಿಶ್ವವಿದ್ಯಾನಿಲಯಕ್ಕೆ ಹೋಗುವವರು ಮೈಗ್ರೇಷನ್ ಪ್ರಮಾಣಪತ್ರದ ಬಗ್ಗೆಯೂ ಕೇಳಿ.

ನಾಲ್ಕನೆಯದು, ಉತ್ತರ. "ಎಲ್ಲಿಗೆ?" ಎಂಬ ಪ್ರಶ್ನೆಗೆ ಈಗಲೇ ಒಂದು ಉತ್ತರವನ್ನು ಸಿದ್ಧಪಡಿಸಿಕೊಳ್ಳಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ ಈ ಭಾಗಕ್ಕೆ ದೂರವಲ್ಲ. ನಿತ್ಯ ಹೋಗಿಬರುವುದು ಕಷ್ಟವಾದರೆ 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಮನೆಯಲ್ಲಿದ್ದೇ ಸ್ನಾತಕೋತ್ತರ ಪದವಿ ಓದಬಹುದು. ಶಿಕ್ಷಕಿಯಾಗುವ ಆಸೆಯಿದ್ದರೆ ಎರಡು ವರ್ಷದ ಬಿ.ಎಡ್. ಇದೆ. ಸರಕಾರಿ ಹುದ್ದೆಯ ಪರೀಕ್ಷೆಗಳಿವೆ. ಯಾವುದೂ ಆಗದಿದ್ದರೆ ಓಣಿಯ ಮಕ್ಕಳನ್ನು ಸಂಜೆ ಕೂರಿಸಿಕೊಂಡು ಪಾಠ ಹೇಳಿ. ಆದರೆ "ನೋಡೋಣ" ಎಂದು ಮಾತ್ರ ಹೇಳಬೇಡಿ. ನಮ್ಮ ಮನೆಗಳಲ್ಲಿ "ನೋಡೋಣ" ಎಂದ ಓದು ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ.

ನೀರಿನ ಅಡಿಯ ಊರು

ಜೋಯಿಡಾದ ಹಿರಿಯರೊಂದಿಗೆ ಮಾತನಾಡಿದರೆ ಅವರು ಸೂಪಾ ಎಂಬ ಊರಿನ ಹೆಸರೆತ್ತುತ್ತಾರೆ. ಕಾಳಿ ಮತ್ತು ಪಾಂಡರಿ ನದಿಗಳು ಸೇರುವಲ್ಲಿ ಇದ್ದ ಆ ಊರು ಒಂದು ಕಾಲದಲ್ಲಿ ತಾಲೂಕಿನ ಕೇಂದ್ರವಾಗಿತ್ತು. 1980ರ ದಶಕದಲ್ಲಿ ವಿದ್ಯುತ್ ಯೋಜನೆಗಾಗಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಾಗ ಊರು ನೀರಿನಡಿ ಹೋಯಿತು. ಅನೇಕ ಕುಟುಂಬಗಳು ರಾಮನಗರದಲ್ಲಿ ಹೊಸದಾಗಿ ನೆಲೆಸಿದವು. ಆ ಊರಿನ ಶಾಲೆಯಲ್ಲಿ ಓದಿದವರು ತಮ್ಮ ತರಗತಿಯನ್ನು ಇನ್ನು ನೋಡಲಾರರು. ನೆನಪು ಮಾತ್ರ ಉಳಿದಿದೆ. ಆದರೂ ಅವರು ಬದುಕು ಕಟ್ಟಿಕೊಂಡರು, ಮಕ್ಕಳನ್ನು ಶಾಲೆಗೆ ಕಳಿಸಿದರು.

ನಿಮ್ಮ ಕಾಲೇಜು ಮುಳುಗುವುದಿಲ್ಲ. ಅದು ಅಲ್ಲೇ ಇರುತ್ತದೆ. ಬೇಕೆಂದಾಗ ಹೋಗಿ ಆ ಬೆಂಚಿನ ಮೇಲೆ ಕೂರಬಹುದು. ಮುಳುಗುವ ಅಪಾಯ ಇರುವುದು ಬೇರೆಯದಕ್ಕೆ. ದಿನಕ್ಕೆ ಎರಡು ಪುಟವಾದರೂ ಓದುವ ರೂಢಿ, ಅನ್ನಿಸಿದ್ದನ್ನು ನಾಲ್ಕು ಜನರ ಮುಂದೆ ಹೇಳುವ ಧೈರ್ಯ, ಬೇರೆ ಭಾಷೆಯ, ಬೇರೆ ಧರ್ಮದ ಗೆಳತಿಗೆ ಹಬ್ಬದ ದಿನ ಫೋನ್ ಮಾಡುವ ಸಲುಗೆ. ಇವು ಒಂದೇ ದಿನದಲ್ಲಿ ಮುಳುಗುವುದಿಲ್ಲ. ನೀರು ನಿಧಾನವಾಗಿ ಏರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಅವುಗಳನ್ನು ಉಳಿಸಿಕೊಳ್ಳಿ.

ಹೆತ್ತವರಲ್ಲಿ ಒಂದು ಕೋರಿಕೆ

ಮಗಳ ಪದವಿ ಮುಗಿಯುವ ಮೊದಲು ಒಂದು ದಿನ ಅವಳ ಕಾಲೇಜಿಗೆ ಹೋಗಿ. ಅನೇಕ ತಂದೆಯರು ಪ್ರವೇಶದ ದಿನ ಹೋದವರು ಮತ್ತೆ ಆ ಕಡೆ ತಲೆ ಹಾಕಿರುವುದಿಲ್ಲ, ತಾಯಂದಿರಂತೂ ಗೇಟನ್ನೇ ನೋಡಿರುವುದಿಲ್ಲ. ಅವಳು ಕೂತ ಬೆಂಚನ್ನು ಅವಳೇ ನಿಮಗೆ ತೋರಿಸಲಿ. ಅವಳ ಗೆಳತಿಯರ ಹೆಸರು ಕೇಳಿ ತಿಳಿದುಕೊಳ್ಳಿ. ಮರಳಿ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು, ತೀರ್ಮಾನವನ್ನು ಹೇಳಬೇಡಿ, ಪ್ರಶ್ನೆ ಕೇಳಿ: "ಮುಂದೆ ಏನು ಮಾಡಬೇಕೆಂದಿದ್ದೀ?" ಅವಳು ತಡವರಿಸಬಹುದು. ಕಾಯಿರಿ. ದಾಂಡೇಲಿಯ ಕಾಡು ದಾಟುವಷ್ಟು ಸಮಯ ನಿಮಗಿದೆ.

ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೀವು ನೋಡಿರಬಹುದು. ಹರಿದ ಸೀರೆ, ಮಕ್ಕಳ ಅಂಗಿ, ಯಾರದೋ ಶಾಲೆಯ ಸಮವಸ್ತ್ರ, ಯಾವುದನ್ನೂ ಅವರು ಎಸೆಯುವುದಿಲ್ಲ. ಅಂಚಿನಿಂದ ಶುರುಮಾಡಿ ತುಂಡಿಗೆ ತುಂಡು ಕೂಡಿಸುತ್ತಾ ನಡುವಿನವರೆಗೆ ಹೊಲಿಯುತ್ತಾರೆ. ಹಳೆಯ ಬಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ನೋಡಿ ನೋಡಿ ಅಳುವುದಿಲ್ಲ. ಹೊಸದಾಗಿ ಹುಟ್ಟಿದ ಮಗುವಿಗೆ ಹೊದಿಸುತ್ತಾರೆ.

ಕಾಲೇಜಿನ ನೆನಪುಗಳನ್ನೂ ಹಾಗೆ ಬಳಸಿರಿ. ಪದವಿ ಪ್ರಮಾಣಪತ್ರ ಟ್ರಂಕಿನ ತಳದಲ್ಲಿ ಹಳದಿಯಾಗಲು ಬಿಡಬೇಡಿ. ನಾಳೆ ಬೆಳಗ್ಗೆ ಬಸ್ಸು ಬರುವ ಹೊತ್ತಿಗೆ ನಿಮ್ಮ ಮಗಳು ಕಿಟಕಿಯ ಬಳಿ ನಿಂತಿದ್ದರೆ, ಅವಳ ಕೈಗೆ ಬ್ಯಾಗು ಕೊಟ್ಟು "ಹೋಗಿ ಬಾ ಮಗಳೇ" ಎಂದು ಹೇಳುವವರು ನೀವೇ ಆಗಿರಿ.